‘ಬರ್ತೀವಿ’ ಅಂದದ್ದಕ್ಕೆ ಮುಚ್ಚಿದ ಸೇತುವೆ

ಇದು ನಿಜವಾಗಿ ನಡೆದ ಕಥೆ. ‘ನಡೆದ’ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. ಯಾಕೆಂದರೆ ಇದರಲ್ಲಿ ನಡೆದವಳು ನನ್ನ ಅಕ್ಕ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ಒಟ್ಟು ಮುನ್ನೂರ ನಲವತ್ತು ಹೆಜ್ಜೆ. ಮಿಕ್ಕವರು ಯಾರೂ ಒಂದು ಹೆಜ್ಜೆ ಎತ್ತಿಡಲಿಲ್ಲ; ಎರಡು ಸರ್ಕಾರಗಳು ಕೂತಲ್ಲೇ ಎಡವಿ ಬಿದ್ದವು. ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ. ಬಿಡಿ ಅಂದೆ ಅಂತ ಓದುವುದನ್ನೇ ಬಿಡಬೇಡಿ ಮತ್ತೆ. ಇಂಥದೇ ಒಂದು ಮಾತನ್ನು ಅಪಾರ್ಥ ಮಾಡಿಕೊಂಡು ಇಷ್ಟೆಲ್ಲ ಆದದ್ದು.

ನಾನು ದುಭಾಷಿ. ಕಾಲೇಜಿನಲ್ಲಿ ಮೇಷ್ಟರುಗಳ ದನಿ ಅನುಕರಿಸಿ ಎರಡು ಸಲ ತರಗತಿಯಿಂದ ಆಚೆ ಬಿದ್ದವನು. ಇನ್ನೊಬ್ಬರ ಮಾತನ್ನು ತನ್ನ ಬಾಯಲ್ಲಿ ಆಡುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆಂದು ಗೊತ್ತಾದಾಗ ನಾನೇ ನಂಬಲಿಲ್ಲ. ನನ್ನ ಕಚೇರಿ ನದಿದಂಡೆಯಲ್ಲಿ, ಸೇತುವೆಯ ಈ ತುದಿಯ ಸುಂಕದ ಕಟ್ಟಡದ ಮೊದಲ ಮಹಡಿಯಲ್ಲಿ. ಸೇತುವೆಯ ಆ ತುದಿಗೆ ಇನ್ನೊಂದು ದೇಶ, ಇನ್ನೊಂದು ಭಾಷೆ. ನನಗೆ ಎರಡೂ ಭಾಷೆ ಬರುತ್ತದೆ. ಆದರೆ ನಿಯಮದ ಪ್ರಕಾರ ಆಚೆಯವರು ಆಡಿದ್ದನ್ನು ನಮ್ಮ ಮಂತ್ರಿಗಳಿಗೆ ಹೇಳುವುದಷ್ಟೇ ನನ್ನ ಕೆಲಸ. ನಮ್ಮವರು ಆಡಿದ್ದನ್ನು ಆಚೆಯ ಮಂತ್ರಿಗೆ ಹೇಳುವುದು ಆಚೆಯ ದುಭಾಷಿಯ ಕೆಲಸ.

ಆ ದುಭಾಷಿಗೆ ನಾನಿಟ್ಟ ಹೆಸರು ‘ನಿಘಂಟು’. ಐವತ್ತು ದಾಟಿದ, ಉದ್ದನೆಯ, ಮಹಾ ಮರ್ಯಾದಸ್ಥ ಮನುಷ್ಯ. ನಮ್ಮ ನೆಲಕ್ಕೆ ಒಂದು ದಿನವೂ ಕಾಲಿಡದೆ ನಮ್ಮ ಭಾಷೆಯನ್ನು ಪೂರ್ತಿ ನಿಘಂಟಿನಿಂದಲೇ ಕಲಿತವರು. ವ್ಯಾಕರಣ ಎಷ್ಟು ಶುದ್ಧವೆಂದರೆ, “ಈಗ ನಾನು ಸೀನಲಿದ್ದೇನೆ, ಮನ್ನಿಸಿ” ಎಂದು ವಾಕ್ಯ ಮುಗಿಸಿ ಆಮೇಲೆ ಸೀನುವರು. ಅಷ್ಟು ಹೊತ್ತಿಗೆ ಸೀನು ವಾಪಸ್ಸು ಹೋಗಿರುತ್ತಿತ್ತು.

ಮಾತುಕತೆ ಮೂರು ದಿನ ನಡೆಯಿತು. ವಿಷಯ ಸೇತುವೆಯ ಮೂರನೇ ಕಂಬ. ಅದು ಬಿರುಕು ಬಿಟ್ಟಿತ್ತು. ನದಿಯ ನಟ್ಟನಡುವೆ ನಿಂತ ಕಂಬ. ಅರ್ಧ ನಮ್ಮದು, ಅರ್ಧ ಅವರದು, ಬಿರುಕು ಮಾತ್ರ ಯಾರದೂ ಅಲ್ಲ. ರಿಪೇರಿ ಯಾರು ಮಾಡಬೇಕೆಂದು ಎರಡೂ ಕಡೆಯ ಏಳೇಳು ಜನ ಕೂತು ಇಪ್ಪತ್ತೊಂದು ಗಂಟೆ ಮಾತಾಡಿದರು. ಅಷ್ಟರಲ್ಲಿ ಇಬ್ಬರು ಗಾರೆ ಕೆಲಸದವರು ಕಂಬ ಸರಿಮಾಡಿ, ಕೈಕಾಲು ತೊಳೆದುಕೊಂಡು ಮನೆ ಸೇರಿರುತ್ತಿದ್ದರು. ಆದರೂ ಮೂರನೆಯ ದಿನ ಮಧ್ಯಾಹ್ನ ಎಲ್ಲ ಕೂಡಿಬಂತು. ಕೆಲಸ ನಮ್ಮದು, ಸಾಮಾನು ಅವರದು, ಸಹಿ ಮಾರನೆಯ ದಿನ.

ನಮ್ಮ ಮಂತ್ರಿಗಳಿಗೆ ಖುಷಿಯೋ ಖುಷಿ. ಎದ್ದು ನಿಂತು, ಮೂಗಿನೊಳಗೇ ಎರಡು ಸಲ ‘ಹ್ಞೂಂ ಹ್ಞೂಂ’ ಎಂದು ದನಿ ಸರಿಮಾಡಿಕೊಂಡರು. ಅವರ ಪ್ರತಿ ಮಾತಿಗೂ ಮುಂಚೆ ಈ ಹಾರ್ನ್ ಬಾರಿಸಲೇಬೇಕು. ಆಚೆಯ ಮಂತ್ರಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಏನಪ್ಪಾಂದ್ರೆ, ಕಂಬದ ಯೋಚ್ನೆ ಇನ್ನು ಬಿಟ್ಬಿಡಿ. ನಿಮ್ಮನ್ನ ನಾವು ನೋಡ್ಕೋತೀವಿ. ಸರಿ, ಬರ್ತೀವಿ.”

ಇದಕ್ಕಿಂತ ಅಕ್ಕರೆಯಾಗಿ ಹೇಳುವುದು ಹೇಗೆ? ಆದರೆ ನಿಘಂಟು ಅವರ ಮುಖ ಬಿಳಿಚಿಕೊಂಡಿತು. ತಮ್ಮ ಮಂತ್ರಿಯ ಕಿವಿಗೆ ಬಾಗಿ ಅವರು ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದ್ದು ನನಗೆ ಅಕ್ಷರ ಅಕ್ಷರವೂ ಕೇಳಿಸಿತು: “ಕಂಬದ ಆಸೆ ಬಿಟ್ಟುಬಿಡಿ ಅನ್ನುತ್ತಿದ್ದಾರೆ. ನಿಮಗೆ ತಕ್ಕ ಶಾಸ್ತಿ ಮಾಡುತ್ತಾರಂತೆ. ಈಗಲೇ ಬರುತ್ತಿದ್ದಾರಂತೆ.”

ತೊಟ್ಟಿಲ ಮಗುವನ್ನೂ ನೋಡ್ಕೋತೀನಿ ಅನ್ನುತ್ತೇವೆ, ಜಗಳಕ್ಕೆ ನಿಂತ ಪಕ್ಕದ ಮನೆಯವನಿಗೂ ನೋಡ್ಕೋತೀನಿ ಅನ್ನುತ್ತೇವೆ. ವ್ಯತ್ಯಾಸ ಇರುವುದು ಹುಬ್ಬಿನಲ್ಲಿ. ನಿಘಂಟಿಗೆ ಹುಬ್ಬಿಲ್ಲ. ಇನ್ನು, ಎದ್ದು ಹೊರಡುವಾಗ ‘ಬರ್ತೀವಿ’ ಅನ್ನುವ ಜನ ನಾವು ಎಂಬುದನ್ನು ಯಾವ ಪುಸ್ತಕ ಬರೆದಿಡುತ್ತದೆ?

ನಾನು ಕೈ ಎತ್ತಿದೆ. ಬಾಯಿ ತೆರೆಯುವ ಮುಂಚೆಯೇ ಹಿಂದಿನಿಂದ “ಶ್!” ಎಂದು ಕೇಳಿಸಿತು. ಅದು ನಮ್ಮ ಶಿಷ್ಟಾಚಾರದ ಅಧಿಕಾರಿ. ಮಾತಿನ ನಡುವೆ ಯಾರು ಉಸಿರು ಜೋರಾಗಿ ಬಿಟ್ಟರೂ ‘ಶ್’ ಅನ್ನುವುದರಿಂದ ಕಚೇರಿಯಲ್ಲೆಲ್ಲ ಅವರು ‘ಶ್ ಸಾಹೇಬರು’.

ನಮ್ಮವರು ನಗುನಗುತ್ತ ಹೊರಬಿದ್ದ ಮೇಲೆ ಶ್ ಸಾಹೇಬರ ಹಿಂದೆ ಓಡಿದೆ.

“ಸಾರ್, ಅವರ ದುಭಾಷಿ ತಪ್ಪಾಗಿ ಹೇಳಿಬಿಟ್ರು.”

“ಅವರ ದುಭಾಷಿ ಅವರ ಆಸ್ತಿ. ನೀವು ಕೈ ಹಾಕೋ ಹಾಗಿಲ್ಲ.”

“ಆಸ್ತಿ ಅಲ್ಲ ಸಾರ್, ಶಾಸ್ತಿ ಅಂದ್ರು.”

“ಶ್! ತಮಾಷೆ ಬೇಡ. ಬರವಣಿಗೆಯಲ್ಲಿ ಕೊಡಿ.”

ಬರವಣಿಗೆಯಲ್ಲಿ ಕೊಟ್ಟೆ. ಅದು ಮೊದಲನೇ ಮೇಜಿನಿಂದ ಎರಡನೇ ಮೇಜಿಗೆ ಹೊರಡುವಷ್ಟರಲ್ಲಿ, ನಾಲ್ಕು ಗಂಟೆಗೆ ಸರಿಯಾಗಿ, ಆಚೆ ದಡದ ಕಬ್ಬಿಣದ ಗೇಟು ಮುಚ್ಚಿತು. ಗೇಟಿನ ಹಿಂದೆ ಮರಳಿನ ಮೂಟೆ ಜೋಡಿಸಿದರು. ‘ಬರುತ್ತಿದ್ದೇವೆ’ ಎಂದವರಿಗಾಗಿ ಕಾದು ಕೂತರು. ನಮ್ಮ ಗೇಟು ಮಾತ್ರ ತೆರೆದೇ ಇತ್ತು. “ನಾವಂತೂ ಮುಚ್ಚಿಲ್ಲ” ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಡಬೇಕಲ್ಲ, ಅದಕ್ಕೆ. ಗಡಿ ಬಿಡಿ ಎಂದು ಅವರು, ಗಡಿಬಿಡಿ ಎಂದು ನಾವು.

ಆಮೇಲೆ ಶುರುವಾಯಿತು ನೋಡಿ ಪತ್ರ ವ್ಯವಹಾರ. ತಪ್ಪು ತಿಳುವಳಿಕೆ ಸರಿಪಡಿಸಲು ರಾಜಧಾನಿಯಿಂದ ಒಂದು ಕಾಗದ ಹೋಯಿತು: “ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮ ಮಾತಿನಲ್ಲಿ ಏನಾದರೂ ಕೊರತೆಯಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.” ಕರಡು ನೋಡಿ ನಾನು ತಲೆ ಚಚ್ಚಿಕೊಂಡೆ.

“ಸಾರ್, ಹೊಟ್ಟೆ ತೆಗೀರಿ. ‘ಕ್ಷಮಿಸಿ’ ಅಂತ ಒಂದೇ ಪದ ಹಾಕಿ, ಸಾಕು.”

“ಸರ್ಕಾರ ಕ್ಷಮೆ ಕೇಳೋ ಹಾಗಿಲ್ಲ ಕಣ್ರೀ” ಎಂದರು ಶ್ ಸಾಹೇಬರು. “ಹೊಟ್ಟೆಗೆ ಹಾಕ್ಕೊಳಿ ಅಂದ್ರೆ ಕ್ಷಮೆ ಕೇಳ್ದ ಹಾಗೂ ಆಯ್ತು, ಕೇಳ್ದೇ ಇದ್ದ ಹಾಗೂ ಆಯ್ತು.”

ಆಚೆ ಅದು ಏನಾಗಿ ತಲುಪಿತು ಎಂದು ನಾನು ಹೇಳಬೇಕಾಗಿಲ್ಲ. ತೆಪ್ಪಗೆ ನುಂಗಿಕೊಳ್ಳಿ ಎಂದು ಓದಿಕೊಂಡರು. ಆದರೂ ಆ ಪುಣ್ಯಾತ್ಮರು ಮರ್ಯಾದೆ ಬಿಡದೆ ಉತ್ತರ ಬರೆದರು. ಅವರಲ್ಲಿ ತೀರ ಬೇಕಾದ ನೆಂಟರಿಗೆ ಬರೆಯುವ ಪತ್ರವನ್ನು ಒಂದು ಸೊಗಸಾದ ಸಾಲಿನಿಂದ ಮುಗಿಸುತ್ತಾರೆ: ‘ನಿಮ್ಮ ಹಿಂದೆ ನಮ್ಮ ಬಾಗಿಲು ಮುಚ್ಚಿದೆ’ ಎಂದು. ನೀವು ಒಳಗೆ ಬಂದಾಯಿತು, ಇನ್ನು ಗಾಳಿಚಳಿ ನಿಮ್ಮನ್ನು ಮುಟ್ಟುವುದಿಲ್ಲ, ಬೆಚ್ಚಗಿರಿ ಎಂದು ಅರ್ಥ. ಆ ಪತ್ರ ನನ್ನ ಕೈಗೆ ಬರಲಿಲ್ಲ. ರಾಜಧಾನಿಯಲ್ಲೇ ಯಾರೋ ಮಾಡಿದ ಅನುವಾದವನ್ನು ಮಾರನೆಯ ದಿನ ಎಲ್ಲರಂತೆ ನಾನೂ ಪತ್ರಿಕೆಯಲ್ಲಿ ಓದಿದೆ, ದಪ್ಪಕ್ಷರದ ತಲೆಬರಹದಲ್ಲಿ: ‘ಬಾಗಿಲು ಮುಚ್ಚಿದೆ: ನೆರೆ ದೇಶದ ಉದ್ಧಟತನ’.

ನಿಘಂಟು ಬರೀ ಆಚೆ ದಡದಲ್ಲಿ ಇದ್ದಾರೆಂದು ನಾನು ತಿಳಿದಿದ್ದೆ. ನಮ್ಮಲ್ಲೂ ಅದರ ಎರಡನೇ ಮುದ್ರಣ ಬಂದಾಗಿತ್ತು. ರಾಯಭಾರ ಅಂದರೆ ಇಷ್ಟೇ: ಹೆಸರು ರಾಯರದು, ಭಾರ ನಮ್ಮದು.

ನನ್ನ ಪಾಲಿನ ಭಾರ ಮನೆಯಲ್ಲಿ ಕೂತಿತ್ತು. ಅದೇ, ಅಕ್ಕ.

ಅಕ್ಕನನ್ನು ಆಚೆ ದಡಕ್ಕೆ ಕೊಟ್ಟು ಹತ್ತು ವರ್ಷ. ಅಲ್ಲಿನ ಶಾಲೆಯೊಂದರಲ್ಲಿ ನಮ್ಮ ಭಾಷೆ ಕಲಿಸುತ್ತಾಳೆ. ನನ್ನ ಹೆಂಡತಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಾಗ, “ಐದು ದಿನ ಇದ್ದು ಹೋಗ್ತೀನಿ ಕಣೋ” ಎಂದು ಬಂದವಳು. ಶಾಲೆ ತಪ್ಪಬಾರದೆಂದು ಆರು ವರ್ಷದ ಮಗಳನ್ನು ಭಾವನ ಹತ್ತಿರ ಬಿಟ್ಟು ಬಂದಿದ್ದಳು. ಆ ಮಗುವಿನ ದನಿ ಸಣ್ಣಗೆ ಎಳೆದಂತೆ ಇರುವುದರಿಂದ ನಾವೆಲ್ಲ ಅವಳನ್ನು ಪಿಟೀಲು ಅನ್ನುತ್ತೇವೆ. ನಾಲ್ಕನೇ ದಿನ ಗೇಟು ಮುಚ್ಚಿತು. ಗೇಟಿನ ಜೊತೆ ಫೋನೂ ಮುಚ್ಚಿತು. ಐದು ದಿನ ಐವತ್ತೆರಡಾಯಿತು. ಹೆಂಡತಿಯ ಕಾಲಿನ ಪ್ಲಾಸ್ಟರ್ ಬಿಚ್ಚಿತು, ಸೇತುವೆ ಬಿಚ್ಚಲಿಲ್ಲ.

ಕೆಲಸವಿಲ್ಲದ ಮೇಡಂ ಮನೆಯಲ್ಲಿದ್ದರೆ ಏನಾಗುತ್ತದೋ ಅದೇ ಆಯಿತು. ನನ್ನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ಹಾಲಿನವನ ಚೀಟಿಯಲ್ಲಿ ಕಾಗುಣಿತ ತಿದ್ದಿದಳು. ಸಂಜೆ ನಾನು ಚಪ್ಪಲಿ ಬಿಡುವ ಮುಂಚೆಯೇ ಬಾಗಿಲಲ್ಲಿ ಪರೀಕ್ಷೆ.

“ಲೋ, ಸಂಧಿ ಎಷ್ಟು ವಿಧ?”

“ಅಕ್ಕ, ಈಗಷ್ಟೇ ಬಂದಿದ್ದೀನಿ...”

“ಎಷ್ಟು ವಿಧ?”

“ಲೋಪ, ಆಗಮ, ಆದೇಶ.”

“ಹ್ಞಾಂ. ನಿಮ್ಮ ಸರ್ಕಾರದ್ದು ಬರೀ ಲೋಪ. ನಮ್ಮ ಸರ್ಕಾರದ್ದು ಬರೀ ಆದೇಶ. ನನ್ನ ಆಗಮ ಯಾವಾಗ್ಲೋ?”

“ಅತ್ತಿಗೆ, ಅವರನ್ನ ಯಾಕೆ ಕೇಳ್ತೀರಾ?” ಎಂದಳು ಒಳಗಿನಿಂದ ನನ್ನ ಹೆಂಡತಿ. “ಮನೇಲಿ ಒಂದು ಟ್ಯೂಬ್‌ಲೈಟ್ ಹಾಕ್ಸೋಕೆ ಆರು ತಿಂಗಳು ಮಾತುಕತೆ ನಡೆಸಿದೋರು ಇವರು.”

ಜಗಳ, ತಮಾಷೆ ಎಲ್ಲ ಮೇಲೆ ಮೇಲೆ. ಊಟದ ಹೊತ್ತಿಗೆ ಅಕ್ಕ ಅರಿವಿಲ್ಲದೆ ಒಂದು ಚಿಕ್ಕ ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು, ಆಮೇಲೆ ಸದ್ದಿಲ್ಲದೆ ಎತ್ತಿಡುತ್ತಿದ್ದಳು. ನಾವಿಬ್ಬರೂ ನೋಡದ ಹಾಗೆ ಸಾರು ಬಡಿಸಿಕೊಳ್ಳುತ್ತಿದ್ದೆವು.

ಮೂರನೇ ದೇಶವೊಂದನ್ನು ಸುತ್ತಿಕೊಂಡು, ಹನ್ನೊಂದು ದಿನಕ್ಕೆ ಪಿಟೀಲಿನ ಪತ್ರ ಬಂತು. ದೊಡ್ಡ ದೊಡ್ಡ ಅಕ್ಷರ: “ಅಮ್ಮ, ನನ್ನ ಹಲ್ಲು ಬಿತ್ತು. ಇದರಲ್ಲಿ ಇಟ್ಟಿದೀನಿ. ಪಕ್ಕದ್ದೂ ಅಲ್ಲಾಡ್ತಿದೆ. ನೀನು ಬರೋವರೆಗೂ ಅದನ್ನ ಬೀಳಕ್ಕೆ ಬಿಡಲ್ಲ. ಆ ಕಡೆ ಅಗಿಯೋದೇ ಇಲ್ಲ.”

ಅಕ್ಕ ಲಕೋಟೆ ಬೋರಲು ಹಾಕಿ ಕೊಡವಿದಳು. ಹಲ್ಲಿರಲಿಲ್ಲ. ಲಕೋಟೆಯ ಮೂಲೆಯಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಇತ್ತು.

ಮಾರನೆಯ ದಿನ ಶ್ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಒಂದು ಕಡತ. ಕಡತಕ್ಕೆ ಪಿನ್ನು ಹೊಡೆದ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಹಲ್ಲು.

“ಶತ್ರು ದೇಶದಿಂದ ನಿಮ್ಮ ವಿಳಾಸಕ್ಕೆ ಹಲ್ಲು ಬಂದಿದೆ. ಇದರ ಅರ್ಥ ಏನು?”

“ಮಗುವಿನ ಹಾಲುಹಲ್ಲು ಸಾರ್. ನನ್ನ ಅಕ್ಕನ ಮಗಳದು.”

“ಭದ್ರತಾ ವಿಭಾಗದೋರು ಹಾಗನ್ನಲ್ಲ. ‘ಹಲ್ಲು ಉದುರಿಸ್ತೀವಿ’ ಅನ್ನೋ ಸಂದೇಶ ಇರಬಹುದು ಅಂತ ಷರಾ ಬರ್ದಿದ್ದಾರೆ.”

“ಉದುರಿದ್ದು ಅವರದೇ ಹಲ್ಲು ಸಾರ್! ತಮ್ಮ ಹಲ್ಲು ತಾವೇ ಕಿತ್ತು ಯಾರಾದ್ರೂ ಹೆದರಿಸ್ತಾರಾ?”

“ಶ್! ಇಪ್ಪತ್ತೆಂಟಕ್ಕೆ ರಾಜಧಾನೀಲಿ ಇದರ ಮೇಲೆ ಸಭೆ ಇದೆ. ಅಲ್ಲೀವರೆಗೂ ಹಲ್ಲು ಸರ್ಕಾರದ್ದು.”

ಸೇತುವೆ ದಾಟಲು ಅಕ್ಕನಿಗೆ ಕೊಟ್ಟಿದ್ದ ಪಾಸಿನ ಅವಧಿ ಮೂವತ್ತಕ್ಕೆ ಮುಗಿಯುತ್ತಿತ್ತು. ಅದು ಮುಗಿದರೆ ಗೇಟು ತೆರೆದರೂ ದಾಟುವಂತಿಲ್ಲ. ಹೊಸ ಪಾಸು ಕೊಡಬೇಕಾದದ್ದು ಎರಡೂ ಸರ್ಕಾರದವರು ಒಟ್ಟಿಗೆ ಕೂತು, ಅದೂ ಮಾತುಕತೆ ಮತ್ತೆ ಶುರುವಾದರೆ. ಅಷ್ಟರಲ್ಲಿ ಪಿಟೀಲಿಗೆ ಬುದ್ಧಿಹಲ್ಲು ಬಂದಿರುತ್ತಿತ್ತು. ನಮ್ಮವರಿಗೆ ಬರುವ ನಂಬಿಕೆ ನನಗಿರಲಿಲ್ಲ.

ಇಪ್ಪತ್ತೆಂಟನೇ ತಾರೀಖು ಬೆಳಗ್ಗೆ ಶ್ ಸಾಹೇಬರು ಹಲ್ಲನ್ನು ಬ್ರೀಫ್‌ಕೇಸಿನಲ್ಲಿಟ್ಟುಕೊಂಡು ರಾಜಧಾನಿಗೆ ಹೊರಟರು. ಮಹಡಿಯ ಮೇಲೆ ಉಳಿದದ್ದು ನಾನು ಮತ್ತು ನೇರ ತಂತಿ.

ನೇರ ತಂತಿಯ ಬಗ್ಗೆ ಹೇಳಿದರೆ ನಿಮಗೂ ರೇಗುತ್ತದೆ. ಅದೊಂದು ಕೆಂಪು ಫೋನು. ನಮ್ಮ ಕೋಣೆಯಿಂದ ಸೀದಾ ಆಚೆ ಗೇಟಿನ ಪಕ್ಕದ ಕೊಠಡಿಗೆ. ಎರಡು ದೇಶಗಳ ನಡುವೆ ತಪ್ಪು ತಿಳುವಳಿಕೆ ಬಾರದಿರಲೆಂದು ಹಾಕಿಸಿದ್ದು. ಆದರೆ ಅದರಲ್ಲಿ ಮಾತಾಡಿದರೆ ತಪ್ಪು ತಿಳುವಳಿಕೆ ಬಂದೀತೆಂದು ಮಾತಾಡುವುದು ನಿಷಿದ್ಧ. ದಿನಕ್ಕೊಂದು ಸಲ, ಬೆಳಗ್ಗೆ ಹತ್ತಕ್ಕೆ, ತಂತಿ ಚೆನ್ನಾಗಿದೆಯೇ ಎಂದು ಪರೀಕ್ಷೆ ಮಾತ್ರ. ನಾನು “ಕೇಳಿಸುತ್ತಿದೆಯೇ?” ಅನ್ನಬೇಕು. ಆಚೆಯಿಂದ ನಿಘಂಟು “ಕೇಳಿಸುತ್ತಿದೆ” ಅನ್ನಬೇಕು. ಇಟ್ಟುಬಿಡಬೇಕು. ಆಮೇಲೆ ಮಾರನೆಯ ಬೆಳಗ್ಗೆಯವರೆಗೂ ಅದು ಸತ್ತ ಫೋನು. ರಿಜಿಸ್ಟರಿನಲ್ಲಿ ‘ಕೇಳಿಸಿತು’, ‘ಕೇಳಿಸಲಿಲ್ಲ’ ಎಂದು ಎರಡು ಕಲಂ. ಗೇಟು ಮುಚ್ಚಿದಂದಿನಿಂದ ದಿನವೂ ನಾನು ‘ಕೇಳಿಸಿತು’ ಕಲಮಿನಲ್ಲಿ ಗುರುತು ಹಾಕಿದ್ದೆ. ಎರಡು ದೇಶಕ್ಕೂ ಕಿವಿ ಚೆನ್ನಾಗಿತ್ತು.

ಹತ್ತು ಹೊಡೆಯಿತು. ಫೋನೆತ್ತಿದೆ.

“ಕೇಳಿಸುತ್ತಿದೆಯೇ?”

“ಕೇಳಿಸುತ್ತಿದೆ.”

ಇಡಬೇಕಿತ್ತು. ಇಡಲಿಲ್ಲ. ಅಲ್ಲಾಡುವ ಹಲ್ಲೊಂದನ್ನು ನಾಲಿಗೆಯಿಂದ ಒತ್ತಿ ಹಿಡಿದುಕೊಂಡ ಮಗು ಕಣ್ಣ ಮುಂದೆ ಬಂತು. ನನ್ನ ಮೂಗು ತಾನಾಗಿಯೇ ಮಂತ್ರಿಗಳದಾಯಿತು.

“ಹ್ಞೂಂ ಹ್ಞೂಂ. ಏನಪ್ಪಾಂದ್ರೆ, ನಾನು ಕಣ್ರೀ ಮಾತಾಡ್ತಿರೋದು.”

ಆಚೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ನಿಘಂಟು ಎದ್ದು ನಿಂತಿದ್ದರು.

“ಮಾನ್ಯ ಮಂತ್ರಿವರ್ಯರೇ! ತಾವು ಖುದ್ದಾಗಿ!”

“ಖುದ್ದಾಗೇ. ನಿಮ್ಮ ಹತ್ರ ನಿಘಂಟಿದೆಯಾ?”

“ಸದಾ ಇರುತ್ತದೆ.”

“ತೆಗೀರಿ. ನಕಾರಕ್ಕೆ ಬನ್ನಿ.”

“ಮನ್ನಿಸಬೇಕು. ನಕಾರವೆಂದರೆ ನಿರಾಕರಣೆಯೆಂದು ತಿಳಿಯಲೇ, ಅಕ್ಷರವೆಂದು ತಿಳಿಯಲೇ?”

“ಅಕ್ಷರ ಕಣ್ರೀ! ‘ನೋಡಿಕೊಳ್ಳು’. ಓದಿ.”

ಪುಟ ಮಗುಚುವ ಸದ್ದು. “ನೋಡಿಕೊಳ್ಳು. ಕ್ರಿಯಾಪದ. ಒಂದು: ಪೋಷಿಸು, ಆರೈಕೆ ಮಾಡು. ಎರಡು: ಸೇಡು ತೀರಿಸಿಕೊಳ್ಳು.”

“ಅವತ್ತು ನಾನಂದಿದ್ದು ಎಷ್ಟನೇದು?”

“ನಾನು ಎರಡನೆಯದನ್ನು ಹೇಳಿದೆ.”

“ಯಾಕ್ರೀ?”

“ಹಿಂದಿನ ವಾಕ್ಯದಲ್ಲಿ ತಾವು ಬಿಟ್ಟುಬಿಡಿ ಎಂದಿರಿ. ಮುಂದಿನ ವಾಕ್ಯದಲ್ಲಿ ಬರುತ್ತೇವೆ ಎಂದಿರಿ. ಹೆಗಲ ಮೇಲೆ ಕೈಯನ್ನೂ ಹಾಕಿದಿರಿ. ಇವುಗಳ ನಡುವೆ ಇರುವುದು ಪ್ರೀತಿಯೆಂದು ನಾನು ಹೇಗೆ ಊಹಿಸಲಿ, ಸ್ವಾಮಿ?”

ನಿಜ ಹೇಳಲೇ? ಒಂದು ಗಳಿಗೆ ನನಗೇ ಆ ಮನುಷ್ಯ ಸರಿ ಅನ್ನಿಸಿಬಿಟ್ಟಿತು. ಆದರೆ ಮಂತ್ರಿಗಳಿಗೆ ಎಲ್ಲಾದರೂ ಹಾಗೆ ಅನ್ನಿಸುವುದುಂಟೆ?

“ಒಂದನೇದು ಕಣ್ರೀ, ಒಂದನೇದು! ಪೋಷಿಸು, ಆರೈಕೆ ಮಾಡು! ನಿಮ್ಮ ಮಂತ್ರಿಗಳಿಗೆ ಈಗ್ಲೇ ಹೇಳಿ. ಅರ್ಥ ಆಯ್ತಾ?”

“ಆಯಿತು. ನನ್ನಿಂದ ಘೋರ ಪ್ರಮಾದವಾಗಿದೆ.”

“ಆಗ್ಲಿ ಬಿಡಿ. ಸರಿ, ಬರ್ತೀನಿ.”

ಫೋನಿಟ್ಟೆ. ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾವ ಮಾತಿನಿಂದ ಸೇತುವೆ ಮುಚ್ಚಿತೋ ಅದೇ ಮಾತನ್ನು, ಅದರ ಅನರ್ಥವನ್ನೆಲ್ಲ ಬಲ್ಲ ನಾನೇ, ಅದೇ ಮನುಷ್ಯನಿಗೆ, ಅದೇ ದನಿಯಲ್ಲಿ ಹೇಳಿ ಇಟ್ಟಿದ್ದೆ. ಫೋನು ಮತ್ತೆ ಎತ್ತಿದೆ. ಸತ್ತಿತ್ತು.

ಇಪ್ಪತ್ತು ನಿಮಿಷ ಆದಮೇಲೆ ಕಿಟಕಿಯಿಂದ ನೋಡುತ್ತೇನೆ, ಆಚೆಯವರು ಮರಳಿನ ಮೂಟೆ ಎತ್ತುತ್ತಿದ್ದಾರೆ. ದಾಳಿಗೇ ಹೊರಟರು ಎಂದುಕೊಂಡೆ. ಆಮೇಲೆ ಗೇಟು ತೆರೆಯಿತು. ಆಮೇಲೆ ಇಬ್ಬರು ಉದ್ದನೆಯ ಕೆಂಪು ಸುರುಳಿಯೊಂದನ್ನು ಹೊತ್ತು ತಂದು ಬಿಚ್ಚತೊಡಗಿದರು. ರತ್ನಗಂಬಳಿ! ಹಿಂದೆಯೇ ಬ್ಯಾಂಡಿನವರು ಓಡೋಡಿ ಬಂದು, ಕತ್ತಿನ ಗುಂಡಿ ಹಾಕಿಕೊಳ್ಳುತ್ತ ಸಾಲು ನಿಂತರು. ಮುಂದೆ ನಿಘಂಟು, ಕೈಯಲ್ಲಿ ಹೂಗುಚ್ಛ.

ನನಗೆ ಆಗ ಹೊಳೆಯಿತು. ನೋಡ್ಕೋತೀವಿ ಎಂದರೆ ಆರೈಕೆ ಎಂದು ತಿದ್ದಿಕೊಂಡಿದ್ದರು. ಬರ್ತೀನಿ ಎಂಬುದನ್ನು ತಿದ್ದಿಕೊಂಡಿರಲಿಲ್ಲ. ಅರ್ಧ ಅರ್ಥವಾದರೆ ಹೀಗೇ. ಮೊದಲು ಬರುತ್ತಾರೆಂದು ಮೂಟೆ ಹಾಕಿದರು, ಈಗ ಬರುತ್ತಾರೆಂದು ಕಂಬಳಿ ಹಾಸಿದರು. ಬರಬೇಕಾದ ಮಂತ್ರಿಗಳು ರಾಜಧಾನಿಯಲ್ಲಿ ಹಲ್ಲಿನ ಸಭೆಯಲ್ಲಿದ್ದರು.

ಮನೆಗೆ ಫೋನು ಮಾಡಿದೆ.

“ಅಕ್ಕ, ಬ್ಯಾಗ್ ತಗೊ. ಪಾಸ್ ತಗೊ. ಓಡು.”

“ಎಲ್ಲಿಗೋ?”

“ಗೇಟ್ ತೆಗ್ದಿದ್ದಾರೆ!”

“ಯಾರು ತೆಗ್ಸಿದ್ರು? ಲೋ, ಏನ್ ಮಾಡ್ದೆ ನೀನು?”

“ಆಮೇಲೆ ಹೇಳ್ತೀನಿ, ಹೊರಡೇ!”

ಮನೆ ಎರಡು ಬೀದಿ ಆಚೆ. ಹತ್ತೇ ನಿಮಿಷಕ್ಕೆ ಅಕ್ಕ ನಮ್ಮ ಗೇಟಿನ ಬಳಿ ಏದುಸಿರು ಬಿಡುತ್ತಿದ್ದಳು. ಹಿಂದೆ ಇನ್ನೂ ಕುಂಟುತ್ತಿದ್ದ ನನ್ನ ಹೆಂಡತಿ. ಕಾವಲಿನವನು ಪಾಸು ನೋಡಿದ, ತಾರೀಖು ನೋಡಿದ, ತೆರೆದೇ ಇದ್ದ ಗೇಟನ್ನೂ ನೋಡಿದ. ತಡೆಯಲು ಅವನಿಗೆ ಕಾರಣ ಸಿಗಲಿಲ್ಲ.

“ಹಲ್ಲು ಸಿಗ್ಲಿಲ್ವೇನೋ?” ಎಂದಳು ಅಕ್ಕ.

“ಸಭೆಗೆ ಹೋಗಿದೆ.”

“ಹಾಳಾಗ್ಲಿ. ಇಟ್ಕೊಂಡು ಕಚ್ಚಾಡ್ಲಿ” ಎಂದು ನನ್ನ ಕೆನ್ನೆ ತಟ್ಟಿ, “ಬರ್ತೀನಿ ಕಣೋ” ಎಂದು ಹೋದಳು. ಕಥೆಯುದ್ದಕ್ಕೂ ಆ ಮಾತನ್ನು ಸರಿಯಾದ ಅರ್ಥದಲ್ಲಿ ಹೇಳಿ, ಸರಿಯಾದ ಅರ್ಥದಲ್ಲಿ ಕೇಳಿಸಿಕೊಂಡದ್ದು ಅದೊಂದೇ ಸಲ.

ಮಹಡಿಗೆ ಓಡಿ ಬಂದು ಕಿಟಕಿಯಲ್ಲಿ ನಿಂತೆ. ಅವಳು ನಡುಸೇತುವೆ ದಾಟಿದೊಡನೆ ಬ್ಯಾಂಡು ಶುರುವಾಯಿತು. ಅಕ್ಕ ಒಮ್ಮೆ ಹಿಂದೆ ತಿರುಗಿ ನೋಡಿದಳು, ಯಾರಿಗೋ ಬಾರಿಸುತ್ತಿದ್ದಾರೆಂದು. ಹಿಂದೆ ಯಾರೂ ಇರಲಿಲ್ಲ. ಕೊಡೆಯನ್ನು ನೆಟ್ಟಗೆ ಹಿಡಿದು ಕೆಂಪು ಕಂಬಳಿಯ ಮೇಲೆ ನಡೆದಳು. ನಿಘಂಟು ಬಾಗಿದ್ದು ಕಾಣಿಸಿತು. ಅವಳೇನೋ ಹೇಳಿದ್ದು ಕಾಣಿಸಿತು. ಆಮೇಲೆ ಹೂಗುಚ್ಛ ಮೆಲ್ಲಗೆ ಕೆಳಗಿಳಿಯಿತು.

ಮಧ್ಯಾಹ್ನ ಎರಡರವರೆಗೂ ಅವರು ಕಾದರು. ಎರಡೂಕಾಲು ಗಂಟೆಗೆ ಕಂಬಳಿ ಸುತ್ತಿದರು, ಮೂಟೆ ವಾಪಸ್ಸು ಬಂತು, ಗೇಟು ಮುಚ್ಚಿತು. ಸಂಜೆಯೊಳಗೆ ಅವರಿಂದ ಖಂಡನೆ: ‘ಬರುತ್ತೇನೆಂದು ಹೇಳಿ ಬಾರದೆ ನಮ್ಮ ದೇಶವನ್ನು ಬಿಸಿಲಿನಲ್ಲಿ ನಿಲ್ಲಿಸಿ ಅವಮಾನಿಸಲಾಗಿದೆ’. ನಮ್ಮಿಂದ ಮರುಖಂಡನೆ: ‘ಮುನ್ಸೂಚನೆಯಿಲ್ಲದೆ ಗೇಟು ತೆರೆದು ಸಮವಸ್ತ್ರಧಾರಿಗಳನ್ನು ನಿಲ್ಲಿಸಿ ನಮ್ಮನ್ನು ಕೆಣಕಲಾಗಿದೆ’. ಸಮವಸ್ತ್ರಧಾರಿಗಳೆಂದರೆ ಬ್ಯಾಂಡಿನವರು. ಮುಂದಿನ ತಿಂಗಳು ನಡೆಯಬಹುದಾಗಿದ್ದ ಮಾತುಕತೆಯೂ ರದ್ದು. ಮಾತು ಮುರಿಯಿತು, ಕತೆ ಉಳಿಯಿತು. ಮೂರನೇ ಕಂಬ ಇವತ್ತಿಗೂ ಬಿರುಕು ಬಿಟ್ಟುಕೊಂಡೇ ನಿಂತಿದೆ. ಅದು ಬಾಯಿ ಬಿಟ್ಟು ಏನೋ ಹೇಳುತ್ತಿದೆ ಎಂದು ನನ್ನ ಅನುಮಾನ. ದುಭಾಷಿ ಇಲ್ಲ.

ನನ್ನ ಚಿಂತೆ ಬೇರೆಯೇ. ಅಕ್ಕ ಮನೆ ಸೇರಿದಳೋ ಇಲ್ಲವೋ? ಹಿಡಿದು ಕೂರಿಸಿದರೋ? ನನ್ನ ಚೇಷ್ಟೆಗೆ ಆ ಬಡಪಾಯಿ ನಿಘಂಟು ಕೆಲಸ ಕಳೆದುಕೊಂಡರೋ?

ಮಾರನೆಯ ಬೆಳಗ್ಗೆ ಹತ್ತು. ಪಕ್ಕದ ಕೋಣೆಗೆ ಶ್ ಸಾಹೇಬರು ವಾಪಸ್ಸು ಬಂದಿದ್ದರು. ಫೋನೆತ್ತಿದೆ.

“ಕೇಳಿಸುತ್ತಿದೆಯೇ?”

“ಕೇಳಿಸುತ್ತಿದೆ.” ನಿಘಂಟು ಅವರದೇ ದನಿ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ, “ಹ್ಞೂಂ ಹ್ಞೂಂ. ಏನಪ್ಪಾಂದ್ರೆ, ನಿನ್ನನ್ನ ನಾನು ನೋಡ್ಕೋತೀನಿ!”

ನಾನು ದಡಕ್ಕನೆ ಎದ್ದು ನಿಂತೆ. “ಸಾರ್!”

ಆಚೆಯಿಂದ ಬಲು ನಮ್ರವಾಗಿ: “ಎದ್ದು ನಿಂತಿರಾ? ಕುರ್ಚಿಯ ಸದ್ದು ಕೇಳಿಸಿತು. ನಿನ್ನೆಯ ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಮೂಗು ನಿಮ್ಮಷ್ಟು ಚೆನ್ನಾಗಿ ಬರುವುದಿಲ್ಲ.”

ನಾನು ಕುರ್ಚಿಗೆ ಕುಸಿದು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದೆ. “ನಿಮಗೆ ಹೇಗೆ ಗೊತ್ತಾಯ್ತು?”

“ನಾನು ನಿಮ್ಮ ಅಕ್ಕನವರಿಗೆ ಹೂವು ನೀಡಿ, ‘ಮಂತ್ರಿವರ್ಯರು ಬರುತ್ತೇನೆ ಎಂದಿದ್ದರು, ಎಲ್ಲಿ?’ ಎಂದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣ್ರೀ, ಅಷ್ಟೂ ಗೊತ್ತಿಲ್ವಾ? ಮೂಗಲ್ಲಿ ಮಾತಾಡಿದ್ರಾ? ಹಾಗಾದ್ರೆ ಅದು ನನ್ನ ತಮ್ಮ’ ಎಂದರು. ಅದನ್ನು ಮಾತ್ರ ನಾನು ನಮ್ಮವರಿಗೆ ಅನುವಾದಿಸಲಿಲ್ಲ. ಶನಿವಾರ ಶನಿವಾರ ಶಾಲೆಗೆ ಪಾಠಕ್ಕೆ ಬರಬೇಕೆಂದೂ ಅಪ್ಪಣೆಯಾಗಿದೆ. ನಿನ್ನೆ ರಾತ್ರಿ ನಿಮಗೊಂದು ಸಂದೇಶವನ್ನೂ ಹೇಳಿ ಕಳುಹಿಸಿದ್ದಾರೆ. ವ್ಯಾಕರಣಕ್ಕೆ ಸಂಬಂಧಿಸಿದ್ದೆಂದು ತೋರುತ್ತದೆ. ‘ಆಗಮ ಆಯಿತು. ಸಂಜೆ ಕಣ್ಣೆದುರೇ ಲೋಪವೂ ಆಯಿತು’ ಎಂದು.”

ಎರಡನೇ ಹಲ್ಲು ಕಾದಿತ್ತು.

“ನಿಮಗೇನೂ ತೊಂದರೆ ಆಗ್ಲಿಲ್ವಾ?” ಎಂದೆ.

“ಆಯಿತು. ‘ಬರ್ತೀನಿ’ ಎಂಬ ಪದಕ್ಕೆ ಮೂರು ಪ್ರತಿಗಳಲ್ಲಿ ವಿವರಣೆ ಕೇಳಿದ್ದಾರೆ. ಬರೆದುಕೊಟ್ಟೆ. ಬರ್ತೀನಿ. ಕ್ರಿಯಾಪದ. ಒಂದು: ಹೋಗ್ತೀನಿ. ಎರಡು...” ದನಿ ಅಲುಗಿತು. “ಎರಡು: ಬರಲ್ಲ.”

ಮೊದಲು ‘ಕಿಸಕ್’ ಎಂದಿತು. ಆಮೇಲೆ ಐವತ್ತು ದಾಟಿದ ಆ ಮರ್ಯಾದಸ್ಥ ಮನುಷ್ಯ, ‘ಈಗ ನಾನು ನಗಲಿದ್ದೇನೆ’ ಎಂಬ ಮುನ್ಸೂಚನೆಯನ್ನೂ ಕೊಡದೆ, ನಗಲು ಶುರುಮಾಡಿದರು. ಕೆಂಪು ಫೋನು ಗಡಗಡ ಅನ್ನತೊಡಗಿತು. ನಾನೂ ನಕ್ಕೆ, ಆದರೆ ಅವರ ನಗುವಿನ ಮುಂದೆ ನನ್ನದು ಕೆಮ್ಮಿನಂತಿತ್ತು. “ಬ್ಯಾಂಡು ಕಣ್ರೀ! ಬ್ಯಾಂಡು!” ಎಂದರು. ಅವರ ಬಾಯಲ್ಲಿ ‘ಕಣ್ರೀ’ ಕೇಳಿದ್ದು ಅದೇ ಮೊದಲು.

ಬಾಗಿಲಲ್ಲಿ ಶ್ ಸಾಹೇಬರ ತಲೆ ಕಾಣಿಸಿತು. “ಶ್! ಏನ್ರೀ ಅದು ಸದ್ದು?”

“ತಂತಿ ಪರೀಕ್ಷೆ ಸಾರ್.”

“ಕೇಳಿಸ್ತಿದೆಯಾ?”

“ಇವತ್ತು ಸ್ವಲ್ಪ ಜಾಸ್ತೀನೇ ಕೇಳಿಸ್ತಿದೆ.”

ಆಚೆ ನಿಘಂಟು ಕಷ್ಟಪಟ್ಟು ಉಸಿರು ಹಿಡಿದು, “ಸರಿ, ನಾನಿನ್ನು ಬರ್...” ಎಂದರು. ಆ ಪದ ಮುಗಿಸಲು ಅವರಿಂದ ಆಗಲಿಲ್ಲ. ಮತ್ತೆ ನಗು ಉಕ್ಕಿತು, ಇನ್ನೂ ಜೋರಾಗಿ. ನಾನು ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದುಕೊಂಡು, ರಿಜಿಸ್ಟರು ತೆಗೆದು, ‘ಕೇಳಿಸಿತು’ ಕಲಮಿನಲ್ಲಿ ಗುರುತು ಹಾಕಿದೆ.